ಇಂಗ್ಲಿಷ್ ಹೈಕುವಿನ ಲೆಕ್ಕ, ನಮ್ಮ ಮಾತ್ರೆ

ಕಾಸರಗೋಡಿನಲ್ಲಿ ಕಾಲೇಜು ವಿದ್ಯಾರ್ಥಿಗಳು ಮತ್ತು ಓದುಗರು ಸೇರಿದ್ದ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ

ನಿಮ್ಮಲ್ಲಿ ಕೆಲವರು ಇಂಗ್ಲಿಷಿನಲ್ಲಿ ಬರೆದ ಹೈಕುಗಳನ್ನು, ಜಪಾನಿನಿಂದ ಬಂದ ಆ ಕಿರುಪದ್ಯಗಳನ್ನು, ಮೊದಲೇ ಕೊಟ್ಟಿದ್ದಿರಿ. ಎಲ್ಲವನ್ನೂ ಓದಿದೆ. ಎಲ್ಲದರಲ್ಲೂ ಒಂದು ಶಿಸ್ತು ಕಂಡಿತು. ಮೊದಲ ಸಾಲಿಗೆ 5 ಸಿಲೆಬಲ್, ಎರಡನೆಯದಕ್ಕೆ 7, ಮೂರನೆಯದಕ್ಕೆ 5. ಲೆಕ್ಕ ಎಲ್ಲಿಯೂ ತಪ್ಪಿಲ್ಲ. ಶಾಲೆಗಳಲ್ಲಿ ಹೈಕು ಎಂದರೆ ಇದು ಎಂದೇ ಹೇಳಿಕೊಡುತ್ತಾರೆ, ಅಮೆರಿಕದ ಶಾಲೆಗಳಲ್ಲಿಯೂ ಹಾಗೆಯೇ. ಆದರೆ ಇವತ್ತು ಇಂಗ್ಲಿಷಿನಲ್ಲಿ ಹೈಕುವನ್ನೇ ಮುಖ್ಯವಾಗಿ ಹಿಡಿದುಕೊಂಡು ಬರೆಯುವ ಕವಿಗಳ ಪತ್ರಿಕೆ ತೆರೆದು ನೋಡಿ, 17 ಸಿಲೆಬಲ್‌ಗಳ ಪದ್ಯ ಅಲ್ಲಿ ಅಪರೂಪ. ಅವರು ನಿಯಮ ಗೊತ್ತಿಲ್ಲದವರಲ್ಲ. ಈ ಲೆಕ್ಕ ಎಲ್ಲಿಂದ ಬಂತು, ಇಂಗ್ಲಿಷಿಗೆ ಅದು ಯಾಕೆ ಹೊಂದಲಿಲ್ಲ, ಲೆಕ್ಕ ಸಡಿಲವಾದ ಮೇಲೆ ರೂಪ ಎಂದು ಉಳಿದದ್ದು ಏನು, ಇದಿಷ್ಟನ್ನು ಇವತ್ತು ನೋಡುವ. ಇದನ್ನು ಅರ್ಥ ಮಾಡಿಕೊಳ್ಳುವುದಕ್ಕೆ ಇಂಗ್ಲಿಷ್ ಮಾತ್ರ ಬಲ್ಲವರಿಗಿಂತ ನಮಗೆ ಹೆಚ್ಚು ಅನುಕೂಲ ಉಂಟು. ನಾವು ಮಾತ್ರೆ ಎಣಿಸಲು ಕಲಿತವರು.

ಜಪಾನೀಯರು ಹೈಕುವಿನಲ್ಲಿ ಎಣಿಸುವ ಘಟಕಕ್ಕೆ ‘ಒನ್’ ಎಂದು ಹೆಸರು. ಹ್ರಸ್ವ ಸ್ವರವಿರುವ ಅಕ್ಷರಕ್ಕೆ ಒಂದು ಒನ್. ಸ್ವರ ದೀರ್ಘವಾದರೆ ಎರಡು. ಇಮ್ಮಡಿಯಾಗಿ ಒತ್ತಿ ಹೇಳುವ ವ್ಯಂಜನದ ಮೊದಲ ಅರ್ಧಕ್ಕೆ ಒಂದು, ಸ್ವರವಿಲ್ಲದೆ ನಿಂತ ‘ನ್’ಗೆ ಇನ್ನೊಂದು. ಕೇಳುವಾಗಲೇ ನಿಮಗೆ ಹೊಳೆದಿರಬೇಕು. ಲಘುವಿಗೆ ಒಂದು, ಗುರುವಿಗೆ ಎರಡು, ಒತ್ತಕ್ಷರದ ಹಿಂದಿನದು ಗುರು, ವ್ಯಂಜನದಲ್ಲಿ ನಿಂತದ್ದು ಗುರು. ಹೆಚ್ಚು ಕಡಿಮೆ ಅದೇ ಲೆಕ್ಕ.

ಬೆರಳು ಮಡಚಿ ನನ್ನ ಜೊತೆ ಎಣಿಸಿ. ‘ನಿಪ್ಪೊನ್’. ನಿ ಒತ್ತಿನ ಹಿಂದಿದೆ, ಗುರು, ಎರಡು. ಪ್ಪೊನ್ ವ್ಯಂಜನದಲ್ಲಿ ನಿಂತಿದೆ, ಮತ್ತೆ ಎರಡು. ಒಟ್ಟು 4. ಜಪಾನೀ ಲೆಕ್ಕದಲ್ಲಿಯೂ 4. ಇಂಗ್ಲಿಷಿನವನಿಗೆ ಅದು ಎರಡೇ ಸಿಲೆಬಲ್. ಇನ್ನು ‘ಹೈಕು’ ಎಂಬ ಪದವನ್ನೇ ತೆಗೆದುಕೊಳ್ಳಿ. ಹೈ ಗುರು, ಕು ಲಘು, ಮೂರು ಮಾತ್ರೆ. ಜಪಾನಿನಲ್ಲಿ ಅದು ಹ, ಇ, ಕು ಎಂದು ಮೂರು ಒನ್. ಇಂಗ್ಲಿಷಿನಲ್ಲಿ ಎರಡು ಸಿಲೆಬಲ್. ಎಲ್ಲ ಪದಗಳಲ್ಲಿಯೂ ನಮ್ಮ ಲೆಕ್ಕ ಹೀಗೆ ಪೂರ್ತಿ ಕೂಡಿಬರುವುದಿಲ್ಲ. ಆದರೆ ಕಾಲದ ಅಳತೆ ಎಂಬ ತಿಳಿವಳಿಕೆ ಎರಡೂ ಕಡೆ ಒಂದೇ.

ಜಪಾನಿನ ಕವಿ ಮತ್ಸುಓ ಬಾಶೋ 1686ರಲ್ಲಿ ಬರೆದ ಕಪ್ಪೆಯ ಪದ್ಯವನ್ನು ನೀವು ಕೇಳಿರುತ್ತೀರಿ.

ಫುರುಇಕೆ ಯ
ಕವಝು ತೊಬಿಕೊಮು
ಮಿಝು ನೊ ಒತೊ

ಹಳೆಯ ಕೊಳ. ಕಪ್ಪೆ ಹಾರಿ ಬೀಳುತ್ತದೆ, ನೀರಿನ ಸದ್ದು. ಇದಕ್ಕೆ ಪ್ರಸ್ತಾರ ಹಾಕಿ ನೋಡಿ, ಒಂದು ಗುರುವೂ ಇಲ್ಲ. ಹದಿನೇಳೂ ಲಘು. ಭಾಗವತರು ಹೇಳುವ ಭಾಮಿನಿ ಷಟ್ಪದಿಯ ಮೊದಲ ಸಾಲಿಗೆ ಮೂರು ನಾಲ್ಕು ಮೂರು ನಾಲ್ಕರ ನಡೆಯಲ್ಲಿ 14 ಮಾತ್ರೆ. ಅದಕ್ಕೆ ಇನ್ನೊಂದು ಮೂರು ಮಾತ್ರೆಯ ಗಣ ಸೇರಿಸಿದರೆ ಒಂದು ಇಡೀ ಹೈಕು ಮುಗಿಯಿತು. ಕಂದಪದ್ಯದಲ್ಲಿ 64 ಮಾತ್ರೆ, ಹೆಚ್ಚು ಕಡಿಮೆ ಅದರ ಕಾಲು ಭಾಗದಷ್ಟರಲ್ಲಿ ಹೈಕು ಕೂತುಬಿಡುತ್ತದೆ. ಅಷ್ಟು ಚಿಕ್ಕದು. ಹೈಕು ಚಿಕ್ಕದು ಎಂದು ಎಲ್ಲರೂ ಹೇಳುತ್ತಾರೆ, ಎಷ್ಟು ಚಿಕ್ಕದು ಎಂಬುದು ಹೀಗೆ ಅಳೆದಾಗ ಗೊತ್ತಾಗುತ್ತದೆ.

ಇಂಗ್ಲಿಷಿನ ಸಿಲೆಬಲ್‌ಗೆ ಇಂಥ ಕಾಲದ ಅಳತೆ ಇಲ್ಲ. ‘ಅ’ ಎಂಬ ಆರ್ಟಿಕಲ್ ಒಂದು ಸಿಲೆಬಲ್. ‘ಸ್ಟ್ರೆಂಗ್ತ್ಸ್’ ಎಂಬ ಅಷ್ಟು ವ್ಯಂಜನಗಳ ಮುದ್ದೆಯೂ ಒಂದೇ ಸಿಲೆಬಲ್. ಆ ಭಾಷೆಯ ಪದ್ಯ ನಡೆಯುವುದು ಒತ್ತಿನ ಮೇಲೆ, ಯಾವ ಸಿಲೆಬಲನ್ನು ಎತ್ತಿ ಹೇಳುತ್ತೇವೆ ಎಂಬುದರ ಮೇಲೆ. ಮೇಲಾಗಿ ಇಂಗ್ಲಿಷಿನ ಸಣ್ಣ ಪದಗಳಲ್ಲಿ ಅರ್ಥ ತುಂಬಿಕೊಂಡಿರುತ್ತದೆ. ಹಾಗಾಗಿ 17 ಸಿಲೆಬಲ್‌ಗಳಲ್ಲಿ ಇಂಗ್ಲಿಷಿಗೆ ಹಿಡಿಯುವ ಮಾತು ಜಪಾನಿನ 17 ಒನ್‌ಗಳಲ್ಲಿ ಹಿಡಿಯುವುದಕ್ಕಿಂತ ಬಹಳ ಹೆಚ್ಚು. ಕಪ್ಪೆಯ ಪದ್ಯವನ್ನು ಇಂಗ್ಲಿಷಿನಲ್ಲಿ 17ಕ್ಕೆ ಮುಟ್ಟಿಸಬೇಕಾದರೆ ಭಾಷಾಂತರಕಾರ ಕೊಳಕ್ಕೆ ಮೌನವನ್ನೋ, ಕಪ್ಪೆಗೆ ಹಸಿರು ಬಣ್ಣವನ್ನೋ ಕೈಯಿಂದ ಹಾಕಬೇಕು. ವಿಲಿಯಂ ಹಿಗಿನ್ಸನ್ 1985ರ ತಮ್ಮ ಹೈಕು ಕೈಪಿಡಿಯಲ್ಲಿ ಇದನ್ನು ಬಿಡಿಸಿ ನೋಡಿದರು. ಅವರು ಕೊಟ್ಟ ಸೂಚನೆ ಹೀಗಿತ್ತು: ಒಟ್ಟು ಸುಮಾರು 12 ಸಿಲೆಬಲ್, ಅದರಲ್ಲಿ ಎತ್ತಿ ಹೇಳುವವು 7, ಅವು ಸಾಲುಗಳಲ್ಲಿ 2, 3, 2 ಎಂದು ಹಂಚಿಕೊಂಡರೆ ಇಂಗ್ಲಿಷ್ ಕಿವಿಗೆ ಹೈಕುವಿನ ಉದ್ದ ಸಿಗುತ್ತದೆ. ಇದು ಕಟ್ಟಳೆಯಲ್ಲ, ಒಂದು ಅಂದಾಜು. ನನಗೆ ಇದು ಬಹಳ ತಿಳಿವಳಿಕೆಯ ಅಂದಾಜು ಅನಿಸುತ್ತದೆ, ಯಾಕೆಂದರೆ ಆ ಭಾಷೆಯ ಉಸಿರನ್ನು ಕೇಳಿ ಮಾಡಿದ್ದು.

ಇನ್ನೊಂದು ಸಂಗತಿ. ಜಪಾನಿನಲ್ಲಿ ಹೈಕುವನ್ನು ಸಾಮಾನ್ಯವಾಗಿ ಮೇಲಿನಿಂದ ಕೆಳಕ್ಕೆ ಒಂದೇ ಸಾಲಾಗಿ ಅಚ್ಚು ಹಾಕುತ್ತಾರೆ. ಮೂರು ಸಾಲು ಎಂಬುದು ಇಂಗ್ಲಿಷಿನಲ್ಲಿ ನೆಲೆಯೂರಿದ ರೂಪ. ಹಿರೊಆಕಿ ಸತೊ ಎಂಬ ಅನುವಾದಕರು ಇಂಗ್ಲಿಷಿನಲ್ಲಿಯೂ ಒಂದೇ ಸಾಲಾಗಿ ಕೊಡುತ್ತ ಬಂದವರು. ಅದನ್ನು ನೋಡಿ ಇಂಗ್ಲಿಷ್ ಕವಿಗಳೂ ಒಂದು ಸಾಲಿನ ಹೈಕು ಬರೆಯುತ್ತಾರೆ. ಹಾಗಾದರೆ ಮೂರು ಸಾಲೂ ಕಡ್ಡಾಯವಲ್ಲ, ಹದಿನೇಳೂ ಕಡ್ಡಾಯವಲ್ಲ.

ಜಪಾನಿನ ದೊಡ್ಡವರೇ ಎಣಿಕೆಯನ್ನು ಮೀರಿದ್ದಾರೆ ಎಂಬುದನ್ನು ಕೂಡ ನೀವು ತಿಳಿದಿರಬೇಕು. ಬಾಶೋನ ಕಾಗೆಯ ಪದ್ಯ ಉಂಟಲ್ಲ, ಒಣಗಿದ ಕೊಂಬೆಯಲ್ಲಿ ಕಾಗೆ ಕೂತಿದೆ, ಶರತ್ಕಾಲದ ಸಂಜೆ. ‘ಕರಸು ನೊ ತೊಮರಿಕೆರಿ’ ಎಂಬುದು ಅದರ ನಡುವಿನ ಭಾಗ. ಎಣಿಸಿ. ಏಳು ಇರಬೇಕಾದಲ್ಲಿ ಒಂಬತ್ತು. ಬಾಶೋ ಮೊದಲು ಬರೆದಿದ್ದ ಪಾಠದಲ್ಲಿ ಹತ್ತು ಇತ್ತು. ಕಪ್ಪೆಯ ಪದ್ಯ, ಕಾಗೆಯ ಪದ್ಯ ಎರಡನ್ನೂ ರವೀಂದ್ರನಾಥ ಟಾಗೋರರು 1916ರಲ್ಲಿ ಜಪಾನಿಗೆ ಹೋದಾಗಿನ ಪ್ರವಾಸ ಬರಹದಲ್ಲಿ ಬಂಗಾಳಿಗೆ ತಂದಿದ್ದಾರೆ. ನಮ್ಮ ದೇಶದ ಭಾಷೆಗಳಿಗೆ ಹೈಕು ಬಂದು ನೂರು ವರ್ಷ ದಾಟಿತು ಎಂದ ಹಾಗಾಯಿತು.

ಇಂಗ್ಲಿಷಿನ ಕತೆಗೆ ಬರುವ. ಅಮೆರಿಕದ ಕವಿ ಎಜ್ರಾ ಪೌಂಡ್ 1913ರಲ್ಲಿ ಪ್ಯಾರಿಸಿನ ಮೆಟ್ರೋ ನಿಲ್ದಾಣದ ಬಗ್ಗೆ ಎರಡು ಸಾಲಿನ ಪದ್ಯ ಪ್ರಕಟಿಸಿದ. ಗುಂಪಿನಲ್ಲಿ ಮೂಡುವ ಮುಖಗಳು ಒಂದು ಸಾಲು, ಒದ್ದೆ ಕಪ್ಪು ಕೊಂಬೆಯ ಮೇಲಿನ ಎಸಳುಗಳು ಇನ್ನೊಂದು ಸಾಲು. ಒಟ್ಟು 14 ಪದ. ಮೊದಲು 30 ಸಾಲು ಬರೆದಿದ್ದನಂತೆ, ಅದನ್ನು ಹರಿದು ಹಾಕಿದ, ಆರು ತಿಂಗಳ ಮೇಲೆ ಅದರ ಅರ್ಧದಷ್ಟು ಬರೆದ, ಮತ್ತೊಂದು ವರ್ಷದ ಮೇಲೆ ಈ ಎರಡು ಸಾಲು ಸಿಕ್ಕಿತು ಎಂದು ಅವನೇ ಹೇಳಿಕೊಂಡಿದ್ದಾನೆ. ಮುಖಗಳು ಎಸಳುಗಳ ಹಾಗಿವೆ ಎಂದು ಅವನು ಹೇಳಲಿಲ್ಲ. ‘ಹಾಗೆ’ ಎಂಬ ಪದ ಪದ್ಯದಲ್ಲೇ ಇಲ್ಲ. ಒಂದರ ಪಕ್ಕ ಇನ್ನೊಂದನ್ನು ಇಟ್ಟು ಸುಮ್ಮನಾದ. ಜಪಾನೀ ಪದ್ಯದಿಂದ ಅವನು ಕಲಿತದ್ದು ಈ ಇಡುವ ಕ್ರಮವನ್ನು, ಎಣಿಕೆಯನ್ನು ಅವನು ಮುಟ್ಟಲೇ ಇಲ್ಲ.

ಆಮೇಲೆ ಆರ್. ಎಚ್. ಬ್ಲೈತ್ 1949ರಿಂದ 1952ರ ವರೆಗೆ ನಾಲ್ಕು ಸಂಪುಟಗಳಲ್ಲಿ ಹೈಕುಗಳನ್ನು ಇಂಗ್ಲಿಷಿಗೆ ತಂದರು. 1958ರಲ್ಲಿ ಹೆರಾಲ್ಡ್ ಹೆಂಡರ್ಸನ್ ಅವರ ಪುಸ್ತಕ ಬಂತು, ಅವರು ಅನುವಾದಗಳಿಗೆ ಅಂತ್ಯಪ್ರಾಸವನ್ನೂ ಹಾಕಿದ್ದರು. ಅದು ಮುಂದೆ ನಿಲ್ಲಲಿಲ್ಲ. 1963ರಲ್ಲಿ ಅಮೆರಿಕದಲ್ಲಿ ಹೈಕುವಿಗೆಂದೇ ಒಂದು ಪತ್ರಿಕೆ ಶುರುವಾಯಿತು. ಅದರಲ್ಲಿ ನಿಕ್ ವರ್ಜೀಲಿಯೋ ಬರೆದ ನೈದಿಲೆಯ ಪದ್ಯ ಬಂತು. ನೈದಿಲೆ ನೀರಿನಿಂದ ಹೊರಗೆ ಬರುತ್ತದೆ, ತನ್ನೊಳಗಿನಿಂದ ತಾನೇ ಹೊರಗೆ ಬರುತ್ತದೆ, ಅಷ್ಟೇ. 11 ಸಿಲೆಬಲ್. ಅದನ್ನು ಓದಿದ ಮೇಲೆ ಇದು ಹೈಕುವೇ ಎಂದು ಕೇಳುವ ಧೈರ್ಯ ಯಾರಿಗೂ ಬರಲಾರದು.

ಹಾಗೆಂದು 5-7-5ರಲ್ಲಿ ಒಳ್ಳೆಯ ಇಂಗ್ಲಿಷ್ ಹೈಕು ಬರಲಾರದು ಎಂದು ನಾನು ಹೇಳಿದರೆ ಅನ್ಯಾಯವಾಗುತ್ತದೆ. ರಿಚರ್ಡ್ ರೈಟ್ ಎಂಬ ಆಫ್ರಿಕನ್ ಅಮೆರಿಕನ್ ಕಾದಂಬರಿಕಾರ 1960ರಲ್ಲಿ ಫ್ರಾನ್ಸಿನಲ್ಲಿ ತೀರಿಕೊಂಡರು. ಕಾಯಿಲೆಯಲ್ಲಿದ್ದ ಕೊನೆಯ ಒಂದೂವರೆ ವರ್ಷದಲ್ಲಿ ಸುಮಾರು 4000 ಹೈಕು ಬರೆದರು. ಅದರಲ್ಲಿ ಅವರೇ ಆರಿಸಿಟ್ಟ 817 ಪದ್ಯಗಳು 1998ರಲ್ಲಿ ಪುಸ್ತಕವಾಗಿ ಬಂದವು. ಅವರು ಬರೆದದ್ದು ಎಣಿಸಿಯೇ. ಮುಳುಗುವ ಶರತ್ಕಾಲದ ಕೆಂಪು ಸೂರ್ಯ ನನ್ನ ಹೆಸರನ್ನೇ ಕೊಂಡುಹೋಯಿತು ಎಂಬ ಪದ್ಯದಲ್ಲಿ ಒಂದು ಸಿಲೆಬಲ್ ಕೂಡ ಹೆಚ್ಚು ಅನಿಸುವುದಿಲ್ಲ. ತುರುಕಿದ ಪದ ಇಲ್ಲದೆ 17 ಬಂದರೆ ಬರಲಿ. ತುರುಕಿ ತರಬಾರದು ಅಷ್ಟೇ.

ಈಗ ಮುಖ್ಯ ವಿಷಯ. ಹೈಕುವಿನ ರೂಪ ಅಂದರೆ ನನ್ನ ಮಟ್ಟಿಗೆ ಕಡಿತ. ಜಪಾನಿನಲ್ಲಿ ‘ಯ’, ‘ಕನ’, ‘ಕೆರಿ’ ಎಂಬಂಥ ಕೆಲವು ಪ್ರತ್ಯಯಗಳು ಉಂಟು, ಪದ್ಯವನ್ನು ಕಡಿಯುವ ಪದಗಳು. ಕಪ್ಪೆಯ ಪದ್ಯದಲ್ಲಿ ‘ಫುರುಇಕೆ’ಯ ಮೇಲೆ ‘ಯ’ ಬಂದ ಕೂಡಲೇ ಪದ್ಯ ಅಲ್ಲಿ ಎರಡಾಯಿತು. ಹಳೆಯ ಕೊಳ ಈಚೆ, ಕಪ್ಪೆ ಮತ್ತು ಸದ್ದು ಆಚೆ. ಹಳೆಯ ಕೊಳಕ್ಕೆ ಕಪ್ಪೆ ಹಾರಿತು ಎಂದು ವ್ಯಾಕರಣ ಹೇಳುವುದಿಲ್ಲ, ಚತುರ್ಥಿ ವಿಭಕ್ತಿಯೇ ಅಲ್ಲಿಲ್ಲ. ಕೂಡಿಸುವವರು ನಾವು.

ಈ ಪದ್ಯ ಹುಟ್ಟಿದ ಬಗ್ಗೆ ಬಾಶೋನ ಶಿಷ್ಯ ಶಿಕೊ ಒಂದು ಸಂಗತಿ ಬರೆದಿಟ್ಟಿದ್ದಾನೆ. ಬಾಶೋಗೆ ಮೊದಲು ಸಿಕ್ಕಿದ್ದು ಕಪ್ಪೆ ಹಾರುವ, ನೀರು ಸದ್ದಾಗುವ ಎರಡು ಭಾಗ. ಮೇಲಿನ ಐದು ಸಿಕ್ಕಿರಲಿಲ್ಲ. ಜೊತೆಗಿದ್ದ ಕಿಕಕು ಎಂಬ ಶಿಷ್ಯ ‘ಯಮಬುಕಿ ಯ’ ಎಂದು ಹಾಕಬಹುದಲ್ಲ ಎಂದ. ಯಮಬುಕಿ ಎಂದರೆ ವಸಂತದಲ್ಲಿ ಅರಳುವ ಹಳದಿ ಹೂವು. ಜಪಾನಿನ ಹಳೆಯ ಕಾವ್ಯದಲ್ಲಿ ಕಪ್ಪೆ ಬಂದಲ್ಲಿ ಯಮಬುಕಿ ಬರುವುದು ರೂಢಿ, ಕಪ್ಪೆಯ ಕೂಗನ್ನು ಹೊಗಳುವುದು ರೂಢಿ. ಕಿಕಕು ಹೇಳಿದ್ದು ತಪ್ಪಲ್ಲ, ಚೆಂದವೂ ಹೌದು. ಬಾಶೋ ಅದನ್ನು ಬಿಟ್ಟು ಹಳೆಯ ಕೊಳ ಎಂದು ಇಟ್ಟ. ಯಮಬುಕಿ ಇಟ್ಟಿದ್ದರೆ ಎರಡು ಭಾಗಗಳು ಮೊದಲೇ ಪರಿಚಯದವು, ನಡುವೆ ಓದುಗನಿಗೆ ಕೆಲಸವಿಲ್ಲ. ಹಳೆಯ ಕೊಳದಲ್ಲಿ ಏನೂ ನಡೆಯುತ್ತಿಲ್ಲ. ಅದರ ಪಕ್ಕದಲ್ಲಿ, ಹಾಡಬೇಕಾಗಿದ್ದ ಕಪ್ಪೆ ಹಾಡದೆ ಹಾರುತ್ತದೆ. ಎರಡರ ನಡುವೆ ಎಷ್ಟು ದೂರ ಇಡಬೇಕು ಎಂಬುದನ್ನು ಅಳೆದವನು ಬಾಶೋ. ತೀರ ಹತ್ತಿರ ಇಟ್ಟರೆ ಒಂದೇ ವಾಕ್ಯವಾಗುತ್ತದೆ, ತೀರ ದೂರ ಇಟ್ಟರೆ ಒಗಟಾಗುತ್ತದೆ. ಹೈಕು ಬರೆಯುವವರ ಶ್ರಮವೆಲ್ಲ ಈ ಅಳತೆಯಲ್ಲಿ ಉಂಟು.

ಇಂಗ್ಲಿಷಿನಲ್ಲಿ ಕಡಿಯುವ ಪ್ರತ್ಯಯಗಳಿಲ್ಲ. ಅವರು ಆ ಕೆಲಸವನ್ನು ಅಡ್ಡಗೀಟಿಗೆ ಕೊಟ್ಟರು, ಮೂರು ಚುಕ್ಕಿಗೆ ಕೊಟ್ಟರು, ಪೌಂಡನ ಹಾಗೆ ಸಾಲಿನ ಕೊನೆಯ ವಿರಾಮ ಚಿಹ್ನೆಗೆ ಕೊಟ್ಟರು. ಈಗಿನ ಬಹಳ ಕವಿಗಳು ಯಾವ ಚಿಹ್ನೆಯನ್ನೂ ಹಾಕುವುದಿಲ್ಲ, ಸಾಲು ಮುರಿಯುವುದೇ ಕಡಿತ. ದೊಡ್ಡ ಅಕ್ಷರದಿಂದ ಶುರು ಮಾಡುವುದಿಲ್ಲ, ಪೂರ್ಣವಿರಾಮ ಇಡುವುದಿಲ್ಲ, ಶೀರ್ಷಿಕೆ ಕೊಡುವುದಿಲ್ಲ. ಒಂದು ಸಾಲು ಬಿಡಿ ತುಣುಕು, ಉಳಿದ ಎರಡು ಸಾಲು ಕೂಡಿ ಒಂದು ನುಡಿ. ತುಣುಕು ಮೊದಲೂ ಬರಬಹುದು, ಕೊನೆಗೂ ಬರಬಹುದು. ಇವತ್ತಿನ ಇಂಗ್ಲಿಷ್ ಹೈಕುಗಳಲ್ಲಿ ನಿಮಗೆ ಹೆಚ್ಚು ಸಿಗುವ ಕಟ್ಟು ಇದೇ.

ಉದಾಹರಣೆಗೆ ಎಂದೇ ಒಂದು ಮಾಡಿಕೊಂಡು ಬಂದಿದ್ದೇನೆ. ಇಂಗ್ಲಿಷನ್ನು ನಮ್ಮ ಲಿಪಿಯಲ್ಲೇ ಬೋರ್ಡಿನ ಮೇಲೆ ಬರೆಯುತ್ತೇನೆ, ಕಿವಿಯಿಂದ ಓದಿ.

ಫಸ್ಟ್ ರೇನ್
ದ ಬಸ್ ಕಂಡಕ್ಟರ್ ಸ್ಟಾಪ್ಸ್
ಆಸ್ಕಿಂಗ್ ಫಾರ್ ಚೇಂಜ್

ಮೊದಲ ಮಳೆ. ಕಂಡಕ್ಟರ್ ಚಿಲ್ಲರೆ ಕೇಳುವುದನ್ನು ನಿಲ್ಲಿಸುತ್ತಾನೆ. 12 ಸಿಲೆಬಲ್. ಎತ್ತಿ ಹೇಳುವವು ಎಷ್ಟು? ಫಸ್ಟ್, ರೇನ್, ಎರಡು. ಬಸ್, ಕಂಡಕ್ಟರಿನ ‘ಡಕ್’, ಸ್ಟಾಪ್ಸ್, ಮೂರು. ‘ಆಸ್ಕ್’, ಚೇಂಜ್, ಎರಡು. ಹಿಗಿನ್ಸನ್ ಹೇಳಿದ 2-3-2 ಇದೇ. ಈಗ ಇದನ್ನೇ ಶಾಲೆಯ ಲೆಕ್ಕಕ್ಕೆ ಹಿಗ್ಗಿಸುವ.

ದ ಫಸ್ಟ್ ರೇನ್ ಹ್ಯಾಸ್ ಕಮ್
ದಿ ಓಲ್ಡ್ ಬಸ್ ಕಂಡಕ್ಟರ್ ಸ್ಟಾಪ್ಸ್
ಆಸ್ಕಿಂಗ್ ಅಸ್ ಫಾರ್ ಚೇಂಜ್

17 ಸರಿಯಾಗಿ ಬಂತು. ಏನೇನು ಸೇರಿತು ನೋಡಿ. ಮಳೆ ‘ಬಂದಿದೆ’ ಎಂದು ಸೇರಿತು. ಮೊದಲ ಮಳೆ ಎಂದ ಮೇಲೆ ಬಂದಿದೆ ಎಂದು ಬೇರೆ ಹೇಳಬೇಕೊ? ಕಂಡಕ್ಟರ್ ಮುದುಕನಾದ. ಅವನ ವಯಸ್ಸಿಗೂ ಮಳೆಗೂ ಸಂಬಂಧ ಇದ್ದರೆ ಸರಿ, ಇಲ್ಲಿ ಅವನು ಮುದುಕನಾದದ್ದು ಒಂದು ಸಿಲೆಬಲ್ ಕಡಿಮೆ ಬಿದ್ದದ್ದಕ್ಕೆ. ‘ನಮ್ಮನ್ನು’ ಎಂದು ಸೇರಿತು. ಬಸ್ಸಿನಲ್ಲಿ ಬೇರೆ ಯಾರನ್ನು ಕೇಳಿಯಾನು? ಎಲ್ಲಕ್ಕಿಂತ ದೊಡ್ಡ ನಷ್ಟ ಮೊದಲ ಸಾಲಿನಲ್ಲಿ ಆಯಿತು. ‘ಫಸ್ಟ್ ರೇನ್’ ಎಂಬುದು ಬರೀ ತುಣುಕಾಗಿತ್ತು, ಕಿಟಕಿಯ ಹೊರಗೆ ಥಟ್ಟನೆ ಬಿದ್ದ ಮಳೆಯಾಗಿತ್ತು. ಕ್ರಿಯಾಪದ ಬಂದ ಕೂಡಲೇ ಅದು ಒಂದು ಸುದ್ದಿಯಾಯಿತು. ನೀವು ಕೊಟ್ಟ ಪದ್ಯಗಳಲ್ಲಿ ನಾನು ಪೆನ್ಸಿಲಿನಲ್ಲಿ ಗೆರೆ ಎಳೆದ ಪದಗಳೆಲ್ಲ ಹೆಚ್ಚಾಗಿ ಈ ಜಾತಿಯವು. ಅವನ್ನು ತೆಗೆದು ಓದಿ, ಪದ್ಯ ಅವುಗಳ ಅಡಿಯಲ್ಲಿ ಇತ್ತು ಎಂದು ನಿಮಗೇ ಗೊತ್ತಾಗುತ್ತದೆ.

ಮತ್ತೆ ಮೊದಲನೆಯ ಪಾಠಕ್ಕೆ ಬನ್ನಿ. ಎರಡನೇ ಸಾಲು ‘ಸ್ಟಾಪ್ಸ್’ ಎಂಬಲ್ಲಿ ಮುರಿಯುತ್ತದೆ. ಆ ಕ್ಷಣಕ್ಕೆ ಕಂಡಕ್ಟರ್ ಸುಮ್ಮನೆ ನಿಂತುಬಿಟ್ಟ ಎಂದು ಓದುತ್ತೇವೆ. ಮೂರನೇ ಸಾಲಿಗೆ ಇಳಿದ ಮೇಲೆ ಅವನು ನಿಲ್ಲಿಸಿದ್ದು ಚಿಲ್ಲರೆ ಕೇಳುವುದನ್ನು ಎಂದು ತಿಳಿಯುತ್ತದೆ. ಇದು ಇಂಗ್ಲಿಷ್ ವಾಕ್ಯರಚನೆ ಕೊಡುವ ಸೌಲಭ್ಯ, ಕ್ರಿಯಾಪದ ನಡುವೆ ಬರುವುದರಿಂದ ಸಾಧ್ಯವಾಗುವ ತಿರುವು. ಜಪಾನಿಯಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಕನ್ನಡದಲ್ಲಿಯೂ ಹಾಗೆಯೇ. ಕನ್ನಡದಲ್ಲಿ ನಾನು ಇದನ್ನು ಹೀಗೆ ಇಡುತ್ತೇನೆ.

ಮೊದಲ ಮಳೆ
ಕಂಡಕ್ಟರ್ ಚಿಲ್ಲರೆ
ಕೇಳಲಿಲ್ಲ

ಇಲ್ಲಿ ‘ಇಲ್ಲ’ ಎಂಬುದು ಕೊನೆಯ ತನಕ ಕಾಯುತ್ತದೆ. ಚಿಲ್ಲರೆ ಕೇಳಿದ ಎಂದೇ ನಮ್ಮ ಕಿವಿ ಮುಂದೆ ಹೋಗಿರುತ್ತದೆ. ಒಂದು ಭಾಷೆಯಲ್ಲಿ ಸಾಲಿನ ತುದಿ ಮಾಡುವ ಕೆಲಸವನ್ನು ಇನ್ನೊಂದರಲ್ಲಿ ಕ್ರಿಯಾಪದದ ತುದಿ ಮಾಡುತ್ತದೆ. ಇಂಗ್ಲಿಷ್ ಹೈಕುವಿನ ರೂಪ ಇಂಗ್ಲಿಷಿನದ್ದು ಎಂದು ನಾನು ಒತ್ತಿ ಹೇಳುವುದು ಇದಕ್ಕೆ. ಅಂದ ಹಾಗೆ ಇದರ ಅಕ್ಷರ ಎಣಿಸಿ, 15. ಮಾತ್ರೆ ಎಣಿಸಿ, 21. ಕನ್ನಡದಲ್ಲಿ 17 ಅಕ್ಷರ ಎಣಿಸಿ ಬರೆದರೆ ಜಪಾನಿನ ಅಳತೆ ಸಿಕ್ಕಿತು ಎಂದು ತಿಳಿಯುವವರು ಈ ವ್ಯತ್ಯಾಸವನ್ನು ಗಮನಿಸಬೇಕು.

ಚಿಲ್ಲರೆ ಯಾಕೆ ಕೇಳಲಿಲ್ಲ ಎಂದು ಪದ್ಯ ಹೇಳುವುದಿಲ್ಲ. ಬದಿಯ ಟರ್ಪಾಲು ಇಳಿಸುವ ಗಡಿಬಿಡಿಯಲ್ಲಿದ್ದಾನೆ ಎಂದು ಒಬ್ಬರಿಗೆ ತೋರಬಹುದು, ಹೊರಗೆ ನೋಡುತ್ತ ಮರೆತ ಎಂದು ಇನ್ನೊಬ್ಬರಿಗೆ. ‘ಸಂತೋಷದಿಂದ’ ಎಂಬ ಒಂದು ಪದ ಸೇರಿಸಿದರೂ ಎರಡೂ ಬಾಗಿಲು ಮುಚ್ಚುತ್ತವೆ.

ರೂಪದ ಒಂದು ನಿಯಮವನ್ನು ಬಿಡುವುದು ಎಂದರೆ ರೂಪವನ್ನೇ ಬಿಡುವುದಲ್ಲ ಎಂಬುದನ್ನು ಈ ನೆಲದಲ್ಲಿ ವಿವರಿಸಬೇಕಾಗಿಲ್ಲ. ಮಂಜೇಶ್ವರದ ಗೋವಿಂದ ಪೈಗಳು ನೂರು ವರ್ಷಕ್ಕೂ ಹಿಂದೆ ದ್ವಿತೀಯಾಕ್ಷರ ಪ್ರಾಸವನ್ನು ಕೈಬಿಟ್ಟರು. ಪ್ರಾಸವಿಲ್ಲದೆ ಪದ್ಯವೇ ಎಂದು ಕೇಳುವ ಕಾಲ ಅದು. ಪೈಗಳು ಗಣದ ನಡಿಗೆಯನ್ನು ಬಿಟ್ಟವರಲ್ಲ, ಛಂದಸ್ಸನ್ನು ಅವರಷ್ಟು ಆಳವಾಗಿ ತಿಳಿದವರು ಕಡಿಮೆ. ಯಾವುದು ಕಾವ್ಯದ ಉಸಿರು, ಯಾವುದು ರೂಢಿಯ ಕಟ್ಟು ಎಂದು ಬೇರೆ ಮಾಡಿ ನೋಡುವ ಬಲ ಆ ತಿಳಿವಳಿಕೆಯಿಂದಲೇ ಬಂದದ್ದು. ಜಪಾನಿನ ನೋ ನಾಟಕಗಳನ್ನು ಕನ್ನಡಕ್ಕೆ ತಂದವರೂ ಅವರೇ ಎಂಬುದನ್ನು ಇಲ್ಲಿ ನೆನೆಯಬೇಕು. ಎಣಿಕೆ ಬಿಟ್ಟ ಇಂಗ್ಲಿಷ್ ಹೈಕು ಕವಿಗಳಲ್ಲಿ ಒಳ್ಳೆಯವರು ಮಾಡಿದ್ದೂ ಇದೇ ಬಗೆಯ ಕೆಲಸ. ಎಣಿಕೆಯನ್ನೂ ಬಿಟ್ಟು ಕಡಿತವನ್ನೂ ಬಿಟ್ಟವರು ಬರೆದದ್ದು ಮೂರು ತುಂಡು ಮಾಡಿದ ಒಂದು ವಾಕ್ಯ. ಅಂಥದ್ದು ಈಗ ಬೇಕಾದಷ್ಟು ಬರುತ್ತಿದೆ.

ಹೈಕು ಎಂದರೆ ಕವಿ ಕಣ್ಣಾರೆ ಕಂಡ ಕ್ಷಣ, ಕಲ್ಪಿಸಿ ಬರೆಯಬಾರದು ಎಂಬ ಮಾತನ್ನೂ ನೀವು ಕೇಳಿರಬಹುದು. ಬ್ಲೈತ್ ಅವರ ಝೆನ್ ಬೌದ್ಧ ಒಲವಿನಿಂದ ಇಂಗ್ಲಿಷ್ ಲೋಕದಲ್ಲಿ ಇದು ಬಹಳ ಬೇರು ಬಿಟ್ಟಿತು. ಬುಸೊನ್ ಎಂಬ ಹದಿನೆಂಟನೇ ಶತಮಾನದ ಕವಿಯ ಒಂದು ಪದ್ಯದಲ್ಲಿ ಗಂಡ ಮಲಗುವ ಕೋಣೆಯಲ್ಲಿ ತೀರಿಹೋದ ಹೆಂಡತಿಯ ಬಾಚಣಿಗೆಯನ್ನು ಕತ್ತಲಲ್ಲಿ ತುಳಿಯುತ್ತಾನೆ, ಚಳಿ ಮೈಗೆ ನಾಟುತ್ತದೆ. ಓದಿದರೆ ಕರುಳು ಕಿವುಚುತ್ತದೆ. ಬುಸೊನ್ ಅದನ್ನು ಬರೆದಾಗ ಅವನ ಹೆಂಡತಿ ಬದುಕಿದ್ದಳು, ಅವನು ಹೋದ ಮೇಲೂ ಬದುಕಿದ್ದಳು. ಕೊಲಂಬಿಯಾ ವಿಶ್ವವಿದ್ಯಾಲಯದ ಹರುಓ ಶಿರಾನೆ 2000ದಲ್ಲಿ ಬರೆದ ಲೇಖನವೊಂದರಲ್ಲಿ ಈ ಪದ್ಯವನ್ನೇ ಮುಂದಿಟ್ಟು, ಕಲ್ಪನೆಯೂ ಹಳೆಯ ಕಾವ್ಯದ ನೆನಪೂ ಹೈಕುವಿಗೆ ಹೊರಗಿನವಲ್ಲ ಎಂದು ವಾದಿಸಿದರು. ನಾನು ಅವರ ಪಕ್ಷ. ಆ ಬಾಚಣಿಗೆ ನಿಜವಾಗಿರುವುದು ಪದ್ಯದಲ್ಲಿ.

ಇನ್ನು ಋತು. ಹೈಕುವಿಗೆ ಮೊದಲು ಹೊಕ್ಕು ಎಂದು ಹೆಸರಿತ್ತು. ನಾಲ್ಕಾರು ಜನ ಕವಿಗಳು ಕೂತು ಒಬ್ಬರ ಪದ್ಯಕ್ಕೆ ಇನ್ನೊಬ್ಬರು ಪದ್ಯ ಕೂಡಿಸುತ್ತ ಹೋಗುವ ಒಂದು ಕೂಟ, ಅದರ ಮೊದಲ ಪದ್ಯ ಹೊಕ್ಕು. ನಮ್ಮ ತಾಳಮದ್ದಳೆಯ ಅರ್ಥಗಾರಿಕೆಯ ಹಾಗೆ, ಮೊದಲೇ ಬರೆದಿಟ್ಟದ್ದು ಏನೂ ಇಲ್ಲ, ಎದುರಿನವರು ಎಲ್ಲಿ ಬಿಟ್ಟರೋ ಅಲ್ಲಿಂದ ಎತ್ತಿಕೊಳ್ಳಬೇಕು. ಮೊದಲ ಪದ್ಯ ಹೇಳುವ ಗೌರವ ಸಾಮಾನ್ಯವಾಗಿ ಬಂದ ಅತಿಥಿಗೆ. ಆ ಹೊತ್ತಿನ ಋತುವನ್ನು ಅವನು ಹೆಸರಿಸಬೇಕು. ಮನೆಯವರಿಗೆ ಅದೇ ನಮಸ್ಕಾರ. 1890ರ ದಶಕದಲ್ಲಿ ಮಸಓಕ ಶಿಕಿ ಎಂಬ ಕವಿ ಆ ಮೊದಲ ಪದ್ಯವನ್ನು ಕೂಟದಿಂದ ಬಿಡಿಸಿ ಸ್ವತಂತ್ರ ಪದ್ಯವೆಂದು ಸ್ಥಾಪಿಸಿದ, ಹೈಕು ಎಂಬ ಹೆಸರನ್ನು ನೆಲೆಗೊಳಿಸಿದ. ಋತುವಿನ ಪದ ಅದರ ಜೊತೆಗೇ ಬಂತು. ಜಪಾನಿನಲ್ಲಿ ಇಂಥ ಪದಗಳ ಕೋಶಗಳೇ ಉಂಟು. ಬರೀ ಚಂದ್ರ ಎಂದರೆ ಶರತ್ಕಾಲ. ಕಪ್ಪೆ ಎಂದರೆ ವಸಂತ.

ನಮಗೆ ಕಪ್ಪೆ ವಸಂತವೊ? ಕಪ್ಪೆ ಕೂಗಿದರೆ ನಮಗೆ ತುಳುವಿನ ಕಾರ್ತೆಲ್ ತಿಂಗಳು, ಮಳೆಗಾಲದ ಬಾಯಿ. ಋತುಪದವನ್ನು ಎರವಲು ತಂದರೆ ಏನಾಗುತ್ತದೆ ಎಂಬುದು ಇಲ್ಲಿ ಗೊತ್ತಾಗುತ್ತದೆ. ಡಿಸೆಂಬರಿನಲ್ಲಿ ಬೇಸಿಗೆ ಇರುವ ಆಸ್ಟ್ರೇಲಿಯದ ಇಂಗ್ಲಿಷ್ ಕವಿಗಳಿಗೂ ಇದೇ ಪ್ರಶ್ನೆ ಎದುರಾಗಿದೆ. ನಿಮ್ಮ ಪದ್ಯಗಳಲ್ಲಿ ಚೆರಿ ಹೂ ಇತ್ತು, ಹಿಮ ಇತ್ತು, ಉದುರುವ ಮೇಪಲ್ ಎಲೆ ಇತ್ತು. ಚಂದ್ರಗಿರಿ ಹೊಳೆಯ ಈಚೆ ಆಚೆ ಮೇಪಲ್ ಎಲ್ಲಿಂದ ಬರಬೇಕು? ಇಂಗ್ಲಿಷಿನಲ್ಲಿ ಬರೆಯುತ್ತೇವೆ ಎಂದ ಮಾತ್ರಕ್ಕೆ ಇಂಗ್ಲೆಂಡಿನ ಋತುವಿನಲ್ಲಿ ಬರೆಯಬೇಕಾಗಿಲ್ಲ. ಇನ್ನೊಂದು ಉದಾಹರಣೆ ಬರೆಯುತ್ತೇನೆ.

ಆಟಿ ರೇನ್
ದಿ ಅಂಬ್ರೆಲಾ ಮೆಂಡರ್
ಈಟ್ಸ್ ಸ್ಟ್ಯಾಂಡಿಂಗ್

ಆಟಿಯ ಮಳೆ, ಕೊಡೆ ರಿಪೇರಿಯವನು ನಿಂತುಕೊಂಡೇ ಉಣ್ಣುತ್ತಾನೆ. ಹೊರಗಿನ ಓದುಗನಿಗೆ ಜೋರು ಮಳೆ ಕಾಣುತ್ತದೆ, ಕೈತುಂಬ ಕೆಲಸ ಇರುವ ಒಬ್ಬ ಮನುಷ್ಯ ಕಾಣುತ್ತಾನೆ. ಅಷ್ಟಕ್ಕೂ ಪದ್ಯ ನಿಲ್ಲುತ್ತದೆ. ನಿಮಗೆ ಮಾತ್ರ ಆಟಿ ಎಂದರೆ ಕಣಜ ಬರಿದಾಗುವ ತಿಂಗಳು, ಕೆಲಸ ಸಿಗದ ತಿಂಗಳು, ಮನೆಮನೆಗೆ ಮಾರಿ ಕಳೆಯುವ ಕಳೆಂಜ ಬರುವ ತಿಂಗಳು. ಎಲ್ಲರಿಗೂ ಹಸಿವಿನ ತಿಂಗಳಲ್ಲಿ ಇವನೊಬ್ಬನಿಗೆ ಉಣ್ಣಲು ಪುರುಸೊತ್ತಿಲ್ಲ. ಇಷ್ಟನ್ನೂ ಆ ಎರಡಕ್ಷರ ಹೊತ್ತುಕೊಂಡಿದೆ. ಅದಕ್ಕೆ ಅಡಿಟಿಪ್ಪಣಿ ಬೇಡ. ಜಪಾನಿನ ಋತುಪದಗಳನ್ನು ಅಲ್ಲಿಯವರು ಹೇಗೆ ಬಳಸುತ್ತಾರೋ ಹಾಗೆ ನಾವು ನಮ್ಮದನ್ನು ಬಳಸಿದಾಗ ಇಂಗ್ಲಿಷ್ ಹೈಕುವಿಗೆ ಹೊಸತೊಂದು ಸೇರುತ್ತದೆ.

ಋತುವಿಲ್ಲದೆ, ಮನುಷ್ಯರ ನಡತೆಯನ್ನು ನೋಡಿ ನಗಿಸುವ ಅದೇ ಅಳತೆಯ ಪದ್ಯಕ್ಕೆ ಜಪಾನಿನಲ್ಲಿ ಸೆನ್ರ್ಯು ಎಂದು ಬೇರೆಯೇ ಹೆಸರು ಉಂಟು. ಇಂಗ್ಲಿಷಿನಲ್ಲಿ ಎರಡರ ನಡುವಿನ ಗೆರೆ ಈಗ ತೆಳುವಾಗಿದೆ. ನಮ್ಮ ಕನ್ನಡದ ಕಿವಿ ದಿನಕರ ದೇಸಾಯಿಯವರ ಚುಟುಕಗಳಿಂದ ಹದಗೊಂಡದ್ದು. ನಾಲ್ಕು ಸಾಲು, ಅಂತ್ಯಪ್ರಾಸ, ಕೊನೆಗೆ ಬೀಳುವ ಪೆಟ್ಟು. ಅದು ದೊಡ್ಡ ಕಲೆ, ಅದರ ರುಚಿಯೇ ಬೇರೆ. ಹೈಕು ಬರೆಯಲು ಕೂತಾಗ ಮೂರನೇ ಸಾಲಿನಲ್ಲಿ ಆ ಪೆಟ್ಟು ಕೊಡುವ ಆಸೆ ನಮಗೆ ತಾನಾಗಿ ಬರುತ್ತದೆ. ಪೆಟ್ಟು ಬಿದ್ದಲ್ಲಿ ಪದ್ಯ ಮುಗಿಯುತ್ತದೆ, ಓದುಗ ಚಪ್ಪಾಳೆ ತಟ್ಟಿ ಎದ್ದು ಹೋಗುತ್ತಾನೆ. ಹೈಕುವಿಗೆ ಬೇಕಾದದ್ದು ಮೂರನೇ ಸಾಲಿನಿಂದ ಮೊದಲನೆಯ ಸಾಲಿಗೆ ತಿರುಗಿ ಹೋಗುವ ಓದುಗ.

ಪ್ರಶ್ನೋತ್ತರದಲ್ಲಿ ಒಬ್ಬಳು ವಿದ್ಯಾರ್ಥಿನಿ ಕೇಳಿದಳು, ನಮ್ಮ ಸೀಮೆಯ ಋತುಪದಗಳ ಕೋಶ ಮಾಡುವುದಾದರೆ ಎಲ್ಲಿಂದ ಶುರು ಮಾಡಬೇಕು ಎಂದು. ತುಳು ತಿಂಗಳುಗಳ ಲೆಕ್ಕದಲ್ಲಿ ಪಗ್ಗುವಿನಿಂದ ಸುಗ್ಗಿಯ ತನಕ ಹನ್ನೆರಡು ಹಾಳೆ ಇಟ್ಟುಕೊಳ್ಳಿ ಎಂದೆ. ಪಗ್ಗುವಿಗೆ ಬಿಸುಕಣಿ. ಬೇಶಕ್ಕೆ ಪತ್ತನಾಜೆ, ಗೆಜ್ಜೆ ಬಿಚ್ಚಿದ ಯಕ್ಷಗಾನ ಮೇಳಗಳು. ಕಾರ್ತೆಲಿಗೆ ಅಡಿಕೆ ತೋಟಕ್ಕೆ ಮದ್ದು ಬಿಡುವುದು, ತುಂಬಿ ಹರಿಯುವ ನೀರಿನ ಸುರಂಗ. ಸೋಣಕ್ಕೆ ಹೊಸ್ತಿಲ ಮೇಲಿನ ಹೂ. ತುಲಾ ತಿಂಗಳ ಹತ್ತು ಕಳೆದರೆ ತೆಯ್ಯಂಗಳ ಚೆಂಡೆ ಕೇಳತೊಡಗುತ್ತದೆ, ಅದು ಮಲಯಾಳದ ಮನೆಗಳಲ್ಲಿ ಸಿಗುವ ಪದ, ಅದನ್ನೂ ಬರೆದುಕೊಳ್ಳಿ. ಚಳಿಗೆ ಅಂಗಳದ ತುಂಬ ಒಣ ಹಾಕಿದ ಅಡಿಕೆ. ಪೊನ್ನಿಯ ಕೊನೆಗೆ ಕೆಡ್ಡಸ, ಗುದ್ದಲಿ ಮುಟ್ಟದ ದಿನಗಳು. ಮನೆಯ ಹಿರಿಯರನ್ನು ಕೇಳಿ, ತುಳುವಿನಲ್ಲಿ ಹೇಳಿದರೆ ತುಳುವಿನಲ್ಲೇ ಬರೆಯಿರಿ, ಹವ್ಯಕ ಭಾಷೆಯಲ್ಲಿ, ಬ್ಯಾರಿಯಲ್ಲಿ, ಕೊಂಕಣಿಯಲ್ಲಿ ಹೇಳಿದರೆ ಹಾಗೆಯೇ. ಹಲಸಿನ ಹಪ್ಪಳ ಯಾವ ಹಾಳೆಗೆ ಎಂದು ಹಿಂದಿನ ಸಾಲಿನಿಂದ ಇನ್ನೊಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಚಾಪೆಯ ಮೇಲೆ ಹಚ್ಚುವುದು ಬೇಶದ ಬಿಸಿಲಿಗೆ, ಕೆಂಡದಲ್ಲಿ ಸುಡುವುದು ಆಟಿಯ ಮಳೆಗೆ. ಎರಡು ಹಾಳೆಯಲ್ಲಿಯೂ ಬರೆಯಿರಿ, ಕ್ರಿಯಾಪದ ಬೇರೆ ಬೇರೆ ಹಾಕಿ.